ಹಲ್ಲು ನೋಡಿದ ಮೇಲೆ

ದಾನ ಕೊಟ್ಟ ದನದ ಹಲ್ಲು ನೋಡಬಾರದಂತೆ.
ಇದು ದಾನವಲ್ಲ, ಒಂಬೈನೂರು ಡಾಲರು;
ತುಟಿ ಎತ್ತಿಯೇ ನೋಡಿದೆ.
ಉದ್ದುದ್ದ ಹಳದಿ ಹಲ್ಲು, ಮುಂದಕ್ಕೆ ವಾಲಿದ್ದವು
ಹಳೇ ಬೇಲಿಯ ಗೂಟಗಳ ಹಾಗೆ.
ಕಣ್ಣ ಮೇಲೆ ಒಂದೊಂದು ಗುಳಿ,
ಹೆಬ್ಬೆರಳು ಹಿಡಿಸುವಷ್ಟು.
"ಹದಿನೆಂಟು" ಎಂದ ವರ್ಲಿನ್ ಟೀಗ್.
ಸುಮ್ಮನೆ ಅವನ ಮುಖ ನೋಡಿದೆ.
"ಸರಿ. ಇಪ್ಪತ್ತೆರಡು."

ಹೆಸರು ಡೀಕನ್.
ಬಣ್ಣ, ತಳ ಹಿಡಿದ ಬೆಲ್ಲದ ಪಾಕದ್ದು.

ನನಗೆ ಐವತ್ತೆಂಟು.
ಈ ವಲ್ಲೋವಾ ಕಣಿವೆಯ ಮಕ್ಕಳನ್ನು ಶಾಲೆಗೆ ಒಯ್ಯುವ
ಹಳದಿ ಬಸ್ಸು ನನ್ನದು; ಅದರ ಹಿಂದಿನ ಬಸ್ಸಿನ ಕ್ಲಚ್ಚು
ತಿಂದು ಮುಗಿಸಿದ್ದು ನನ್ನ ಎಡ ಮಂಡಿ.
ತೂಕ, ನನ್ನೊಬ್ಬಳದು ಹೇಳಲಾರೆ;
ಜೀನು ಸೇರಿ ಇನ್ನೂರ ಹತ್ತು ಪೌಂಡು.

ಪಶುವೈದ್ಯೆ ಬಂದಳು. ಮುಂಗಾಲು ಮಡಚಿ
ಗಡಿಯಾರ ನೋಡುತ್ತಾ ಒಂದು ನಿಮಿಷ ಹಿಡಿದು, ಬಿಟ್ಟು,
ಓಡಿಸು ಎಂದಳು.
ಮೊದಲ ನಾಲ್ಕು ಹೆಜ್ಜೆ ಕುಂಟು,
ಐದನೆಯದು ಅರ್ಧ ಕುಂಟು,
ಆರನೆಯದರಿಂದ ಕುದುರೆ.
ಹಾಸಿಗೆಯಿಂದ ಅಡುಗೆಮನೆಗೆ ನಾನು ಹೋಗುವುದೂ
ಹೀಗೇ ಎಂದು ಬಾಯಿಗೆ ಬಂತು, ನುಂಗಿದೆ.
"ಕಡಿದಾದ ಇಳಿಜಾರು ಬಿಟ್ಟರೆ ಮೂರು ಬೇಸಿಗೆ.
ನಾಲ್ಕೂ ಆದೀತು. ಬರೆದು ಕೊಡಲಾರೆ."

ಮಾರ್ವಾ ಬೈದಳು:
ಮುದಿ ಕುದುರೆಗೆ ದುಡ್ಡು ಸುರಿಯುವುದೆಂದರೆ
ಸಂಕಟವನ್ನು ಕಂತಿನಲ್ಲಿ ಕೊಂಡ ಹಾಗೆ, ಎಳೆಯದು ನೋಡೇ.
ಇದನ್ನು ಅವಳು ಎಡಗೈಯಲ್ಲಿ ಕಾಫಿ ಕದಡುತ್ತಾ ಹೇಳಿದ್ದು.
ಬಲಗೈ ಇನ್ನೂ ಜೋಲಿಯಲ್ಲಿತ್ತು.
ಅವಳ ಆರು ವರ್ಷದ್ದು, ಹೋದ ತಿಂಗಳು,
ಗಾಳಿಗೆ ಹಾರಿದ ಬರಿಯ ಒಂದು ಪ್ಲಾಸ್ಟಿಕ್ ಚೀಲ ಕಂಡು...

ಶನಿವಾರ ಒಬ್ಬಳೇ ಹತ್ತಿ ನೋಡಿದೆ.
ಲಾರ್ಚ್ ಮರಗಳು ಹಳದಿ ಸೂಜಿ ಉದುರಿಸುತ್ತಿದ್ದವು.
ನಾಯಿ ಬೊಗಳಿತು, ಕಿವಿ ಆಡಿಸಲಿಲ್ಲ.
ಪೊದೆಯಿಂದ ಕೋಳಿಯೊಂದು ಭರ್ರೆಂದು ಎದ್ದರೆ
ಬೆಚ್ಚಿದ್ದು ನಾನು; ಅದು ನಿಂತು
ನನ್ನ ಉಸಿರು ಜಾಗಕ್ಕೆ ಬರಲಿ ಎಂದು ಕಾಯಿತು.

ತೊರೆ ದಾಟಿದ ಮೇಲೆ ಮಂಡಿ ಮುಷ್ಕರ ಹೂಡಿತು.
ಇಳಿದೆ. ಇಳಿದದ್ದು ತಪ್ಪಾಯಿತು.
ರಿಕಾಪಿಗೆ ಕಾಲು ಏರುತ್ತಿಲ್ಲ:
ಒಂದು ಸಲ, ಎರಡು ಸಲ,
ಮೂರನೆಯ ಸಲ ನಾನೇ ನಕ್ಕುಬಿಟ್ಟೆ, ಅಳು ಬರದಿರಲೆಂದು.
ಆಗ ಡೀಕನ್ ಹೊರಟಿತು.
ಲಗಾಮು ನನ್ನ ಕೈಯಲ್ಲಿ, ದಾರಿ ಅದರದು.
ಇಪ್ಪತ್ತು ಹೆಜ್ಜೆ ಆಚೆ, ಸುಟ್ಟ ಪೈನ್ ಮರದ ಬುಡದಲ್ಲಿ
ಒಂದು ಚಪ್ಪಟೆ ಬಂಡೆ.
ಅದಕ್ಕೆ ಮೈ ಒತ್ತಿ, ಎಡ ಪಕ್ಕೆ ಕೊಟ್ಟು,
ಒಂದು ಕಿವಿ ಹಿಂದೆ ಹೊರಳಿಸಿ ನಿಂತಿತು.
ಮೆಟ್ಟಿಲು ಹತ್ತುವ ಹಾಗೆ ಹತ್ತಿದೆ.

ತಿರುಗಿ ಬಂದು ವರ್ಲಿನ್‌ಗೆ ಹೇಳಿದೆ.
ಗೇಟಿನ ಚಿಲಕ ಹಾಕಿದ, ತೆಗೆದ, ಮತ್ತೆ ಹಾಕಿದ.
"ಐಯೋನ್‌ಳ ಸೊಂಟ," ಎಂದ.
"ಕೊನೆಯ ಎರಡು ವರ್ಷ ನೆಲದಿಂದ ಹತ್ತಲಾಗುತ್ತಿರಲಿಲ್ಲ.
ನನಗೆ ಹೇಳಿರಲಿಲ್ಲ. ಕುದುರೆಗೆ ಹೇಳಿದ್ದಾಳೆ."
ಬೆಲೆ ಇಳಿಸಲಿಲ್ಲ ಅವನು. ನಾನೂ ಕೇಳಲಿಲ್ಲ.

ರಾತ್ರಿ ಕರೆಂಟು ಬಿಲ್ಲಿನ ಬೆನ್ನ ಮೇಲೆ ಪೆನ್ಸಿಲಿನ ಲೆಕ್ಕ:
ಎರಡು ಹೊತ್ತೂ ನೆನೆಸಿದ ಮೇವು, ಒಣಹುಲ್ಲು ಇನ್ನು ಅಗಿಯಲಾರದು.
ವರ್ಷಕ್ಕೆರಡು ಬಾರಿ ಹಲ್ಲಿಗೆ ಅರ. ಹಿಮಕ್ಕೊಂದು ಕಂಬಳಿ.
ಕೂಡಿಸಿದೆ, ಅಳಿಸಿದೆ, ಕೂಡಿಸಿದೆ;
ಮೊತ್ತ ಅದೇ, ಹಟಮಾರಿ.
ಮೂರು ಬೇಸಿಗೆಯನ್ನು ಯಾವ ಸಾಲಿನಲ್ಲಿ ಬರೆಯುವುದು,
ಜಮಾದಲ್ಲೋ, ಖರ್ಚಿನಲ್ಲೋ?
ಕಾಗದದಲ್ಲಿ ಜಾಗವಿರಲಿಲ್ಲ.

ಒಂಬತ್ತೂವರೆಗೆ ಪಕ್ಕದ ಗಸ್‌ಗೆ ಫೋನು ಮಾಡಿದೆ.
"ನಿನ್ನ ಜೆಸಿಬಿ, ಜನವರಿಯಲ್ಲಿ
ನೆಲ ಕಲ್ಲಾದ ಮೇಲೂ ಎಂಟಡಿ ಅಗೆಯುತ್ತದಾ?"
ಆ ಕಡೆ ಟೀವಿಯ ಸದ್ದು ಇಳಿಯಿತು.
"ಅಯ್ಯೋ. ಕುದುರೆ ಹೋಯಿತಾ?"
"ಇಲ್ಲ ಗಸ್," ಎಂದೆ,
"ಇನ್ನೂ ಕೊಂಡಿಲ್ಲ."